ಅಜ್ಜಿಯ ಲೋಟದಲ್ಲಿ ಎರಡು ಗುಟುಕು

ಮೊಣಕಾಲು ಊದಿಕೊಂಡಿದೆ ಎಂದು ಈಚೆಗೆ ಸೇಲಂನ ದೊಡ್ಡ ಡಾಕ್ಟರೊಬ್ಬರ ಹತ್ತಿರ ಹೋಗಿದ್ದೆ. ಪ್ಯಾಂಟು ಮೇಲಕ್ಕೆ ಮಡಚಿ, ನೋವಿರುವ ಕಾಲನ್ನು ಅವರ ಮುಂದೆ ಚಾಚಿ, ನನ್ನ ಕಾಲಿನ ಕಥೆಯನ್ನು ಮೊದಲಿನಿಂದ ಹೇಳಲು ಸಿದ್ಧನಾಗಿ ಕೂತೆ. ಅವರು ಕಾಲಿನ ಕಡೆ ಕಣ್ಣು ಹಾಯಿಸುವ ಮೊದಲೇ ಕೇಳಿದರು: "ಮೋಷನ್ ಹೇಗಾಗುತ್ತೆ?" ನನಗೆ ತಡೆಯಲಾರದ ನಗು ಬಂತು. ತಲೆ ನರೆತ ಮನುಷ್ಯ ಈ ಮಾತಿಗೆ ಶಾಲೆಯ ಹುಡುಗನ ಹಾಗೆ ನಗುತ್ತಾನಲ್ಲ ಎಂದು ಅವರಿಗೆ ಬೇಸರವಾಗಿರಬೇಕು.

ಆದರೂ ಪಾಪ, ಬಿಡಿಸಿ ಹೇಳಿದರು. ಕರುಳಿನೊಳಗೆ ಒಳ್ಳೆಯ ಕ್ರಿಮಿ, ಕೆಟ್ಟ ಕ್ರಿಮಿ ಎಂದು ಎರಡು ಪಂಗಡವಿದೆಯಂತೆ. ಕೆಟ್ಟವರ ಕೈ ಮೇಲಾದರೆ ಕರುಳಿನ ಗೋಡೆ ಹದಗೆಟ್ಟು ಮೈಯೊಳಗೆ ಸಣ್ಣಗೆ ಉರಿಯೂತ ಹತ್ತಿಕೊಳ್ಳುತ್ತದಂತೆ. ಅದು ಒಬ್ಬರಿಗೆ ಮೊಣಕಾಲಿನಲ್ಲಿ, ಇನ್ನೊಬ್ಬರಿಗೆ ಬೆರಳಿನಲ್ಲಿ, ಮತ್ತೊಬ್ಬರಿಗೆ ಚರ್ಮದಲ್ಲಿ ತಲೆ ಎತ್ತಬಹುದಂತೆ. ಎಲ್ಲ ಊತಕ್ಕೂ ಹೊಟ್ಟೆಯೇ ಕಾರಣವಲ್ಲ, ಆದರೆ ಕೇಳದೆ ಬಿಡಬಾರದು ಎಂದರು. ಕೊನೆಗೆ ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿದ್ದ ಮಾತ್ರೆಯೊಳಗೆ ಒಳ್ಳೆಯ ಕ್ರಿಮಿಗಳು ಜೀವಂತವಾಗಿರುತ್ತವೆ. ಇಷ್ಟು ವರ್ಷ ಕ್ರಿಮಿ ಕೊಲ್ಲುವುದಕ್ಕೆಂದು ಸೋಪು, ಪುಡಿ, ದ್ರಾವಣ ಕೊಂಡ ನಾನು ಈಗ ಕ್ರಿಮಿಯನ್ನೇ ಕೊಂಡು ಮನೆಗೆ ತಂದೆ.

ಡಾಕ್ಟರ ಮೇಲೆ ನನಗೆ ತಕರಾರಿಲ್ಲ. ಅವರು ಓದಿದವರು, ಸಭ್ಯರು, ಬಾಗಿಲು ಮುಚ್ಚಿ ಕೇಳಿದರು. ಅದೇ ಪ್ರಶ್ನೆಯನ್ನು ತೊಂಬತ್ತರ ದಶಕದಲ್ಲಿ, ಇದೇ ಸೇಲಂನಲ್ಲಿ, ಇಪ್ಪತ್ತು ಟೈಪ್‌ರೈಟರುಗಳ ನಡುವೆ, ಹೆಣ್ಣುಮಕ್ಕಳು ಕೇಳಿಸಿಕೊಳ್ಳುವಂತೆ ನನ್ನ ದೊಡ್ಡಪ್ಪ ಕೇಳಿದ್ದ. ಆಗ ನನಗೆ ನಗು ಬಂದಿರಲಿಲ್ಲ.

ದೊಡ್ಡಪ್ಪನ ಪರಿಚಯ ಮಾಡಿಸದೆ ಮುಂದೆ ಹೋಗುವಂತಿಲ್ಲ. ನಮ್ಮೂರು ಮೇಚೇರಿಯಿಂದ ಪೆನ್ನಾಗರಂ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸರಿದುಕೊಂಡಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬ್ಯಾಂಕಿನಲ್ಲಿ ಮೌನ, ಇದು ನಮ್ಮ ಭಾಷಾನೀತಿ. ಅಪ್ಪ ಹೊಲ ನೋಡಿಕೊಂಡರೆ ಅಪ್ಪನ ಅಣ್ಣ, ಅಂದರೆ ದೊಡ್ಡಪ್ಪ, ಕುರಿ ನೋಡಿಕೊಳ್ಳುತ್ತಿದ್ದ. ಬೆಳಗ್ಗೆ ಎದ್ದವನು ದೇವರ ಪಟ ನೋಡುತ್ತಿರಲಿಲ್ಲ, ನೇರ ಹಟ್ಟಿಗೆ ಹೋಗಿ ಹಿಕ್ಕೆ ನೋಡುತ್ತಿದ್ದ. ಬಿಡಿಬಿಡಿಯಾಗಿ ಉರುಳುತ್ತದೆಯೋ, ಅಂಟಿಕೊಂಡಿದೆಯೋ, ಬಣ್ಣ ಏನು, ಹಿಸುಕಿದರೆ ಒಳಗೆ ಏನಿದೆ. ಇದಿಷ್ಟು ನೋಡಿಯೇ ಯಾವ ಕುರಿ ಎರಡು ದಿನದಲ್ಲಿ ಮಂಕಾಗುತ್ತದೆಂದು ಹೇಳುತ್ತಿದ್ದ. ನಾವು ಪೇಪರು ಓದುವಷ್ಟೇ ಆಸಕ್ತಿಯಿಂದ ಅವನು ಅದನ್ನು ಓದುತ್ತಿದ್ದ ಎಂದರೆ ಸುಳ್ಳಲ್ಲ.

ಕುರಿಗಳಿಗೆ ಮಾತ್ರ ಈ ಓದನ್ನು ಸೀಮಿತ ಮಾಡಿದ್ದರೆ ನಮಗೆಲ್ಲ ಸುಖವಿತ್ತು. ಅವನ ಪ್ರಕಾರ ಮನುಷ್ಯ ಎರಡು ಕಾಲು ಕಡಿಮೆಯಿರುವ ಕುರಿ. ಯಾರಿಗೆ ತಲೆನೋವೆಂದರೂ, ಕಣ್ಣುರಿಯೆಂದರೂ, ಮದುವೆ ಕೂಡಿಬರುತ್ತಿಲ್ಲವೆಂದರೂ ಅವನ ಮೊದಲ ಮಾತು "ಇಕ್ಕೆ ಎಂಗೈತೆ?" ಒಮ್ಮೆ ನಮ್ಮ ಅಕ್ಕನನ್ನು ನೋಡಲು ಗಂಡಿನವರು ಬಂದರು. ಗಂಡಿನ ತಂದೆ ಕೂರುವಾಗ ಸೊಂಟ ಹಿಡಿದುಕೊಂಡು "ಅಮ್ಮಾ" ಎಂದರು. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟು ತನ್ನ ಪ್ರಶ್ನೆ ಕೇಳಿಯೇಬಿಟ್ಟ. ಅಪ್ಪ ಕೆಮ್ಮಿದ, ಅಮ್ಮ ಒಳಗೆ ಓಡಿದಳು. ಆ ಸಂಬಂಧ ಕೂಡಿಬಂತು ಅನ್ನಿ. ಬೀಗರಿಗೆ ಮೂರು ದಿನದಿಂದ ಆಗಿರಲಿಲ್ಲವಂತೆ, ಕೇಳುವವರೊಬ್ಬರು ಸಿಕ್ಕರಲ್ಲ ಎಂದು ಅವರಿಗೆ ಸಮಾಧಾನವಾಗಿತ್ತು.

ಅದೇ ಮದುವೆಗೆ ಅಂಗಳದಲ್ಲಿ ಅಕ್ಕಿ ಹರವಿದ್ದೆವು. ಒಂದು ಕುರಿ ಹಗ್ಗ ಬಿಡಿಸಿಕೊಂಡು ಬಂದು ಹೊಟ್ಟೆ ಬಿರಿಯೆ ತಿಂದಿತು. ಆ ಹೊತ್ತು ಹೊಟ್ಟೆ ಉಬ್ಬರಿಸಿಕೊಂಡು ನಿಂತದ್ದು ಹೇಗೋ ಬದುಕಿತು. ಆದರೆ ಎರಡು ಮೂರು ದಿನ ಕಳೆದ ಮೇಲೆ ಕುಂಟತೊಡಗಿತು. ಕೆಂಡದ ಮೇಲೆ ಇಟ್ಟಂತೆ ಕಾಲಿಡುತ್ತಿತ್ತು, ಗೊರಸು ಮುಟ್ಟಿದರೆ ಬಿಸಿ. ಅಪ್ಪ ಮುಳ್ಳು ಹುಡುಕಿದ, ನಾನು ಮುಳ್ಳು ಹುಡುಕಿದೆ, ಮದುವೆಗೆ ಬಂದ ನೆಂಟರೆಲ್ಲ ಸರದಿಯಲ್ಲಿ ಬಂದು ಇಲ್ಲದ ಮುಳ್ಳನ್ನು ಹುಡುಕಿದರು.

"ಕಾಲ ಬಿಡ್ರಲಾ, ಕಾಲೇನು ಮಾಡೈತೆ?" ಎಂದ ದೊಡ್ಡಪ್ಪ. "ತಿಂದದ್ದು ಬಾಯಿ, ಕೆಟ್ಟದ್ದು ಒಟ್ಟೆ, ಒದೆ ತಿಂತಿರೋದು ಕಾಲು."

ಆಮೇಲೆ ಅವನು ಮಾಡಿದ್ದನ್ನು ಕುರಿ ಸಾಕದವರು ನಂಬಲಿಕ್ಕಿಲ್ಲ. ಹಟ್ಟಿಯ ಮೂಲೆಯಲ್ಲಿ ಒಂದು ಮುದಿ ಕುರಿ ಕಣ್ಣು ಅರೆಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು. ಅದರ ದವಡೆಯೊಳಗೆ ಕೈಹಾಕಿ, ಅದು ಅಗಿಯುತ್ತಿದ್ದ ಹಸಿರು ಉಂಡೆಯನ್ನು ಕಿತ್ತುಕೊಂಡು, ಕುಂಟುವ ಕುರಿಯ ಬಾಯಿಗೆ ತುರುಕಿ ಮೂತಿ ಒತ್ತಿ ಹಿಡಿದ. ಚೆನ್ನಾಗಿರುವ ಹೊಟ್ಟೆಯ ಎಂಜಲು ಕೆಟ್ಟ ಹೊಟ್ಟೆಗೆ ಹೆಪ್ಪು ಎಂಬುದು ಅವನ ಸಿದ್ಧಾಂತ. ಹಾಲಿಗೆ ಮೊಸರಿನ ತೊಟ್ಟು ಬಿಡುತ್ತೇವಲ್ಲ, ಹಾಗೆ. ಕೆಲವು ದಿನ ಬರೀ ಒಣಹುಲ್ಲು ಹಾಕಿ, ಹೀಗೇ ಮೆಲುಕು ಕಿತ್ತು ತಿನ್ನಿಸಿದ. ಕುರಿ ನಿಧಾನವಾಗಿ ಕಾಲೂರಿತು. ಆ ಮುದಿ ಕುರಿ ಮಾತ್ರ ದೊಡ್ಡಪ್ಪನನ್ನು ಕಂಡರೆ ಬಾಯಿ ಬಿಗಿಹಿಡಿದು ಮುಖ ತಿರುಗಿಸುತ್ತಿತ್ತು.

ಎಂಜಲು ಎಂದೆನಲ್ಲ, ಈಗ ಅಜ್ಜಿಯ ಮಾತಿಗೆ ಬರಬೇಕು. ದೊಡ್ಡಪ್ಪನ ತಾಯಿ, ನನ್ನ ಅಜ್ಜಿ, ಎಂಜಲಿನಲ್ಲೇ ನಮ್ಮನ್ನು ಬೆಳೆಸಿದವಳು. ಕಬ್ಬಿನ ತುಂಡನ್ನು ತಾನು ಕಚ್ಚಿ ಮೆತ್ತಗೆ ಮಾಡಿ ಕೊಡುವಳು, ಹುರಿಗಡಲೆಯನ್ನು ತಾನು ಅಗಿದು ನಮ್ಮ ಬಾಯಿಗಿಡುವಳು. ಅವಳದೊಂದು ಎನಾಮಲ್ ಲೋಟವಿತ್ತು. ಬಿಳಿ ಮೈ, ನೀಲಿ ಅಂಚು, ಹಿಡಿಯ ಹತ್ತಿರ ಚಕ್ಕೆ ಎದ್ದು ಕಪ್ಪಾದದ್ದು. ಬೆಳಗ್ಗೆ ಹುಳಿ ಬಂದ ರಾಗಿ ಅಂಬಲಿಯನ್ನು ಅದರ ತುಂಬ ಹೊಯ್ದುಕೊಂಡು ಕುಡಿದು, ತಳದಲ್ಲಿ ಎರಡು ಗುಟುಕು ಉಳಿಸಿ, ಹತ್ತಿರವಿದ್ದ ಮಗುವಿಗೆ ಕೊಡುವಳು. ಆ ಎರಡು ಗುಟುಕಿಗೆ ನಾವು ಜಗಳವಾಡುತ್ತಿದ್ದೆವು.

ನಾನು ಒಂಬತ್ತನೇ ಕ್ಲಾಸಿಗೆ ಬಂದದ್ದೇ ತೊಂದರೆಯಾಯಿತು. ಪುಸ್ತಕದಲ್ಲಿ ಸುಗಾದಾರಂ ಎಂದು ಒಂದು ಪಾಠವಿತ್ತು, ತಮಿಳಿನಲ್ಲಿ ಆರೋಗ್ಯ, ಶುಚಿತ್ವದ ಪಾಠ. ಒಬ್ಬರ ಎಂಜಲಿನಿಂದ ಇನ್ನೊಬ್ಬರಿಗೆ ಯಾವ ಯಾವ ರೋಗ ಬರುತ್ತದೆ ಎಂಬ ಪಟ್ಟಿ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದೆ. ಅಂಕ ಬಂದ ಮೇಲೆ ಸುಮ್ಮನಿರಲಾಗುತ್ತದೆಯೆ? ಎತ್ತಿನ ಕೊಂಬಿಗೆ ಬಳಿಯಲು ತಂದಿದ್ದ ಕೆಂಪು ಬಣ್ಣದಿಂದ ಅಜ್ಜಿಯ ಲೋಟದ ಸುತ್ತ ದಪ್ಪ ಗೆರೆ ಎಳೆದೆ. ಇದು ಅಜ್ಜಿಯದು, ಇದರಲ್ಲಿ ಬೇರೆ ಯಾರೂ ಕುಡಿಯಬಾರದು, ಇದನ್ನು ಬೇರೆ ಪಾತ್ರೆಗಳ ಜೊತೆ ಇಡಬಾರದು ಎಂದು ಮನೆಯಲ್ಲಿ ಕಾನೂನು ಮಾಡಿದೆ.

ಅಜ್ಜಿ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಚೆನ್ನಾಗೈತೆ" ಎಂದಳು. ಅವತ್ತಿನಿಂದ ಪೂರ್ತಿ ಕುಡಿದು ಲೋಟ ಬೋರಲು ಹಾಕತೊಡಗಿದಳು. ಅವಳಿಗೆ ಬೇಸರವಾಗಿದೆ ಎಂದು ನನಗೆ ತಿಳಿಯಲೇ ಇಲ್ಲ. ಪೂರ್ತಿ ಅಂಕ ತೆಗೆದವನಿಗೆ ಅಷ್ಟು ಸಣ್ಣ ವಿಷಯ ತಿಳಿಯುವುದು ಕಷ್ಟ.

ವರ್ಷಗಳು ಕಳೆದವು. ಕಾಲೇಜು ಮುಗಿಸಿದ ನಾನು ಟೈಪಿಂಗ್ ಕಲಿಯಲು ಸೇಲಂ ಸೇರಿದೆ. ಟೈಪ್‌ರೈಟಿಂಗ್ ಹೈಯರ್ ಪಾಸಾದರೆ ಸರ್ಕಾರಿ ಆಫೀಸಿನಲ್ಲಿ ಕೆಲಸ ಎಂದು ನಂಬಿದ ಕಾಲ ಅದು. ಬೀದಿಗೊಂದು ಇನ್‌ಸ್ಟಿಟ್ಯೂಟು. ನಮ್ಮದು ಮಹಡಿಯ ಮೇಲೆ, ತಗಡಿನ ಚಾವಣಿ. ಕೆಳಗೆ ಹೋಗುವವರಿಗೆ ಸುಡುಬಿಸಿಲಲ್ಲೂ ಆಲಿಕಲ್ಲು ಬೀಳುತ್ತಿದೆ ಅನ್ನಿಸುವಷ್ಟು ಸದ್ದು. ಇನ್ನಿಬ್ಬರ ಜೊತೆ ಒಂದು ರೂಮಿನಲ್ಲಿದ್ದೆ. ಬೆಳಗ್ಗೆ ಟೀ, ಬನ್ನು. ಮಧ್ಯಾಹ್ನ ಟೀ. ಸಂಜೆ ತಟ್ಟುವಡೆ ಸೆಟ್ಟು, ಎಂದರೆ ಎರಡು ಗರಿಗರಿ ತಟ್ಟುವಡೆಯ ನಡುವೆ ಬೀಟ್‌ರೂಟು ತುರಿ, ಚಟ್ನಿ ಇಟ್ಟು ಕೊಡುವ ಸೇಲಂನ ಅಮೃತ. ರಾತ್ರಿ ಪರೋಟ, ಅದರ ಮೇಲೆ ಎಣ್ಣೆ ತೇಲುವ ಸಾಲ್ನಾ ಎಂಬ ಖಾರದ ಸಾರು. ಅಂಬಲಿ, ಮಜ್ಜಿಗೆ, ಸೊಪ್ಪು ಹಳ್ಳಿಯವರ ಊಟ ಎಂದು ನಾನೇ ತೀರ್ಮಾನಿಸಿದ್ದೆ. ಅಕ್ಕಿ ತಿಂದ ಆ ಕುರಿಯ ನೆನಪು ಒಂದು ದಿನವೂ ಬರಲಿಲ್ಲ.

ಆರು ತಿಂಗಳಾಗುವಷ್ಟರಲ್ಲಿ ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಗೆಣ್ಣುಗಳು ಊದಿ ಕೆಂಪಗಾದವು. ಟೈಪ್‌ರೈಟರಿನಲ್ಲಿ ಊದಿದ ಬೆರಳು ಒಂದು ಕೀಲಿ ಒತ್ತಿದರೆ ಪಕ್ಕದ್ದೂ ಏಳುತ್ತದೆ, ಎರಡು ಅಚ್ಚಿನ ಕಡ್ಡಿಗಳು ಮೇಲೆ ಹೋಗಿ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಅವನ್ನು ಬಿಡಿಸುವುದರಲ್ಲೇ ನನ್ನ ಅರ್ಧ ಹೊತ್ತು ಹೋಗುತ್ತಿತ್ತು. ಪರೀಕ್ಷೆಗೆ ಉಳಿದದ್ದು ಎರಡೂವರೆ ತಿಂಗಳು. ನನಗೆ ಹೆದರಿಕೆಯಾಯಿತು. ಬೆರಳಿಲ್ಲದಿದ್ದರೆ ನಾನು ಊರಿಗೆ ಹಿಂತಿರುಗಿ ಹಿಕ್ಕೆ ನೋಡುವವನೇ ಸರಿ ಎಂದು ರಾತ್ರಿಯೆಲ್ಲ ಅನ್ನಿಸುತ್ತಿತ್ತು.

ಎಲ್ಲರೂ ಬೆರಳಿಗೆ ವೈದ್ಯ ಮಾಡಿದರು. ಟೈಪಿಂಗ್ ಮಾಸ್ಟರು ಕುರ್ಚಿ ಬದಲಾಯಿಸಿದರು. ರೂಮಿನ ಗೆಳೆಯ ನೋವಿನ ಮುಲಾಮು ತಿಕ್ಕಿದ, ಆ ಕೈಯಲ್ಲಿ ಕಣ್ಣು ಮುಟ್ಟಿಕೊಂಡು ಒಂದು ದಿನ ಕುರುಡನಾದೆ. ಔಷಧಿ ಅಂಗಡಿಯವನು ಚೀಟಿಯಿಲ್ಲದೆಯೇ ನೋವಿನ ಮಾತ್ರೆ ಕೊಟ್ಟ. ಅದನ್ನು ನುಂಗಿದರೆ ಬೆರಳು ಸುಮ್ಮನಾಗಿ ಹೊಟ್ಟೆ ಏಳುತ್ತಿತ್ತು. ಎಲುಬು ಕಟ್ಟುವವನೊಬ್ಬ ಮೊಟ್ಟೆಯ ಬಿಳಿ ಹಚ್ಚಿ ಬಟ್ಟೆ ಸುತ್ತಿದ. ಕೊನೆಗೆ ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು "ಎಲುಂಬು ಪ್ರಮಾದಮಾ ಇರುಕ್ಕು" ಎಂದು, ಅಂದರೆ ಎಲುಬು ಅಮೋಘವಾಗಿದೆ ಎಂದು ಹೊಗಳಿದರು. ಎಲುಬು ಅಷ್ಟು ಸೊಗಸಾಗಿದ್ದರೆ ಬೆರಳೇಕೆ ಮಡಚುವುದಿಲ್ಲ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಇವರಲ್ಲಿ ಯಾರೂ ಹೊಟ್ಟೆಯ ಸುದ್ದಿ ಎತ್ತಲಿಲ್ಲ. ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನಾಲ್ಕು ತಿಂಗಳಿಂದ ನನ್ನ ಹೊಟ್ಟೆ ಗುಳುಗುಳು ಎನ್ನುತ್ತಿತ್ತು. ರೂಮುಗಳ ಸಾಲಿಗೆಲ್ಲ ಒಂದೇ ಕಕ್ಕಸು, ಹೊರಗೆ ಬಕೆಟ್ ಹಿಡಿದು ನಿಂತ ಜನ. ದಿನಕ್ಕೆ ಐದಾರು ಸಲ ಆ ಸಾಲಿನಲ್ಲಿ ನಿಂತವನು ಅದಕ್ಕೂ ಬೆರಳಿಗೂ ಗಂಟು ಹಾಕಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದು ಹೇಳಿಕೊಳ್ಳುವುದು ನಾಚಿಕೆ, ಬೆರಳು ಊದಿದೆ ಎಂದರೆ ಗೌರವ. ಅದು ಟೈಪು ಮಾಡಿ ಮಾಡಿ ಬಂದದ್ದೆಂದು ಜನ ತಿಳಿಯುತ್ತಾರೆ.

ಅಂಥದ್ದೊಂದು ದಿನ ದೊಡ್ಡಪ್ಪ ಬಂದ. ಯಾರದೋ ಕುರಿಗಳ ಜೊತೆ ಲಾರಿಯಲ್ಲಿ ಸೇಲಂಗೆ ಬಂದವನು, ಹಾಗೇ ನನ್ನನ್ನು ನೋಡಿಕೊಂಡು ಹೋಗೋಣವೆಂದು ವಿಳಾಸ ಕೇಳುತ್ತ ಮಹಡಿ ಹತ್ತಿದ್ದ. ತಲೆಗೆ ಟವೆಲು, ಹೆಗಲ ಮೇಲೆ ಕಂಬಳಿ, ಮೈಯೆಲ್ಲ ಹಟ್ಟಿಯ ವಾಸನೆ. ನನ್ನ ಬೆರಳು ನೋಡಿದ. ಉಗುರು ಒತ್ತಿದ. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದ. ಬಾಯಿ ತೆರೆಸಿ ಹಲ್ಲು ನೋಡುವುದೊಂದು ಬಾಕಿ.

"ಲೇ ಮಾದೇಶ, ಇಕ್ಕೆ ಎಂಗೈತೆ?"

ಯಾಕೋ ಆ ಕ್ಷಣಕ್ಕೇ ಎಲ್ಲ ಮೆಷಿನ್ನುಗಳೂ ಸದ್ದು ನಿಲ್ಲಿಸಿದ್ದವು. ಕನ್ನಡ ಗೊತ್ತಿಲ್ಲದವರಿಗೂ ಅವನು ಕೈಬೆರಳಲ್ಲಿ ಉಂಡೆ ಮಾಡಿ ತೋರಿಸಿದ್ದರಿಂದ ಅರ್ಥವಾಯಿತು. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ದಾವಣಿ ಅಡ್ಡ ಹಿಡಿದರು. ಮಾಸ್ಟರು ಕನ್ನಡಕದ ಮೇಲಿಂದ ನೋಡಿ, "ಯಾರುಪ್ಪಾ ಇವರು?" ಎಂದರು.

"ಎಂಗ ಊರುಕ್ಕಾರರು ಸಾರ್" ಎಂದೆ. ನಮ್ಮೂರಿನವರು ಎಂದೆನೇ ಹೊರತು ನಮ್ಮ ದೊಡ್ಡಪ್ಪ ಎನ್ನಲಿಲ್ಲ.

ದೊಡ್ಡಪ್ಪನಿಗೆ ನನ್ನಷ್ಟೇ ಚೆನ್ನಾಗಿ ತಮಿಳು ಬರುತ್ತದೆ. ಅವನು ನನ್ನನ್ನು ಮುಂದೆ ಮಾಡಿಕೊಂಡು ಮಹಡಿ ಇಳಿದ. ನನ್ನ ರೂಮಿಗೆ ಬಂದು, ಗೋಡೆಗೆ ನೇತುಹಾಕಿದ್ದ ಚೀಲಕ್ಕೆ ನನ್ನ ಬಟ್ಟೆ ತುಂಬಿ, ಬಸ್ ಸ್ಟ್ಯಾಂಡಿಗೆ ನಡೆದ. ನಾನು ಹಿಂದೆಯೇ ಹೋಗಿ, ಪರೀಕ್ಷೆ ಹತ್ತಿರವಿದೆ, ಬರಲಾಗುವುದಿಲ್ಲ ಎಂದು ಗೋಗರೆದೆ. ಮೇಚೇರಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದ.

"ಊರ್ಕಾರ ಆದ್ರೂ ಪರವಾಗಿಲ್ಲ. ಬಸ್ ಅತ್ತು."

ತಾರಮಂಗಲಂ ದಾಟುವವರೆಗೂ ನಾನು ತಲೆ ಎತ್ತಲಿಲ್ಲ.

ಮನೆಯಲ್ಲಿ ದೊಡ್ಡಪ್ಪ ಸಭೆ ಕರೆದ. ಪರೋಟ ಬಂದ್, ಅಂಗಡಿ ಮಾತ್ರೆ ಬಂದ್ ಎಂಬುದು ಚರ್ಚೆಯಿಲ್ಲದೆ ತೀರ್ಮಾನವಾಯಿತು. ಆದರೆ ಹೆಪ್ಪು ಬೇಕಲ್ಲ. ನಮ್ಮ ವಂಶದಲ್ಲಿ ಎಲ್ಲರಿಗಿಂತ ಒಳ್ಳೆಯ ಹೊಟ್ಟೆ ಯಾರದು ಎಂಬುದೇ ಸಭೆಯ ಮುಖ್ಯ ವಿಷಯ. ನೀವು ನಗಬೇಡಿ, ಇದಕ್ಕಿಂತ ಕಡಿಮೆ ವಿಚಾರ ಮಾಡಿ ಜನ ಎಂಎಲ್‌ಎಗಳನ್ನು ಆರಿಸಿದ್ದಾರೆ.

ಮೊದಲು ಅಪ್ಪನ ಹೆಸರು ಬಂತು. ಅಪ್ಪ ಅಷ್ಟರಲ್ಲೇ ಒಂದು ಹುಳಿತೇಗು ತೇಗಿ ತಾನಾಗಿಯೇ ಕಣದಿಂದ ಹೊರಬಿದ್ದ. ಅಮ್ಮನ ಹೆಸರು ಬಂದಾಗ ದೊಡ್ಡಪ್ಪ ಅಡ್ಡಡ್ಡ ತಲೆಯಾಡಿಸಿದ. "ಅವ್ಳು ಉಣ್ಣಾದೇ ಕಡೇಗೆ, ಉಳಿದ್ರೆ ಮಾತ್ರ. ಒಟ್ಟೆ ಎಂಗೈತೆ ಅಂತ ಅವ್ಳಿಗೇ ತಿಳೀದು." ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ದೊಡ್ಡಪ್ಪ ತನ್ನ ಹೆಸರನ್ನು ಎತ್ತಲಿಲ್ಲ, ಅವನಿಗೆ ಮೂಲವ್ಯಾಧಿ ಇದ್ದದ್ದು ಊರಿಗೇ ಗೊತ್ತು. ಉಳಿದವಳು ಅಜ್ಜಿ. ಎಂಬತ್ತು ದಾಟಿದರೂ ಕಲ್ಲು ತಿಂದು ಕರಗಿಸುವವಳು, ಹಸಿ ಹುಣಸೆಕಾಯಿಗೆ ಉಪ್ಪು ಹಚ್ಚಿ ತಿಂದು, ಮಧ್ಯಾಹ್ನಕ್ಕೆ ಅವರೆಕಾಳು ಕೇಳುವವಳು. ಅವಿರೋಧವಾಗಿ ಆಯ್ಕೆಯಾದಳು.

ದೊಡ್ಡಪ್ಪ ಅವಳ ಕಿವಿಯ ಹತ್ತಿರ ಬಾಗಿ ಹೇಳಿದ. "ಅವ್ವ, ದಿನಾ ನೀ ಕುಡಿದ ಅಂಬ್ಲಿ ಎರಡು ಗುಟುಕು ಇವ್ನಿಗೆ ಉಳಸು."

ಅಜ್ಜಿ ನನ್ನನ್ನು ನೋಡಿದಳು. "ಒಂಬತ್ನೇ ಕ್ಲಾಸ್ನಾಗೆ ನನ್ ಎಂಜ್ಲು ಕಾಯ್ಲೆ ಆಗಿತ್ತು. ಈಗ ಔಸ್ದಿ ಆಯ್ತಾ?"

ಪಾಠದ ಪಟ್ಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಅವಳು ಎದ್ದು ಹೋಗಿ ಲೋಟ ತಂದು ನನ್ನ ಮಡಿಲಲ್ಲಿಟ್ಟಳು. ಕೆಂಪು ಗೆರೆ ಅಲ್ಲಲ್ಲಿ ಮಾಸಿದ್ದರೂ ಹೋಗಿರಲಿಲ್ಲ. "ಮೊದ್ಲು ಇದ ಕೆರಿ. ಆಮ್ಯಾಕೆ ನೋಡಾನ."

ಮೂರು ದಿನ ಕೆರೆದೆ. ಬೂದಿ, ಮರಳು, ತೆಂಗಿನ ನಾರು, ಊದಿದ ಬೆರಳು. ಎತ್ತಿನ ಕೊಂಬಿನ ಮೇಲೆ ಒಂದು ಮಳೆಗೂ ನಿಲ್ಲದ ಆ ಬಣ್ಣ ಅಜ್ಜಿಯ ಲೋಟದ ಮೇಲೆ ಅಷ್ಟು ವರ್ಷ ಗಟ್ಟಿಯಾಗಿ ಕೂತಿತ್ತು. ಬೆರಳಿಗೆ ಬೆಂಕಿಯಿಟ್ಟ ಹಾಗಾಗುತ್ತಿತ್ತು. ಅಜ್ಜಿ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ಸಾಕು ಬಿಡು ಎಂದು ಒಂದು ಸಲವೂ ಹೇಳಲಿಲ್ಲ. ಗೆರೆ ಪೂರ್ತಿ ಹೋದ ಮೇಲೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು, ಎಕ್ಸ್‌ರೇ ನೋಡಿದ ಡಾಕ್ಟರಿಗಿಂತ ಹೆಚ್ಚು ಹೊತ್ತು.

ಮಾರನೆಯ ಬೆಳಗ್ಗೆ ಅಂಬಲಿಗೆ ಮಜ್ಜಿಗೆ ಹೊಯ್ದು, ಸಣ್ಣ ಈರುಳ್ಳಿ ಜಜ್ಜಿ ಹಾಕಿ, ತಾನು ಕುಡಿದು, ಲೋಟ ನನ್ನ ಕೈಗಿತ್ತಳು. ನಾನು ಕಣ್ಣು ಮುಚ್ಚಿ ಮುಖ ಅತ್ತ ತಿರುಗಿಸಿ ಕುಡಿಯಲು ಹೋದೆ. "ಅಂಗಲ್ಲ. ನನ್ ಮುಖ ನೋಡ್ಕಂಡು ಕುಡಿ" ಎಂದಳು. ನೋಡಿಕೊಂಡು ಕುಡಿದೆ. ಹುಳಿಯಾಗಿ, ತಣ್ಣಗೆ, ಹಳೆಯ ರುಚಿಯೇ ಇತ್ತು. ಅಣ್ಣತಮ್ಮಂದಿರ ಜೊತೆ ಜಗಳವಾಡಿ ಕುಡಿದದ್ದು ನೆನಪಾಗಿ ಲೋಟದ ತಳವನ್ನೂ ಬೆರಳಲ್ಲಿ ಬಳಿದು ನೆಕ್ಕಿದೆ. ಹಸಿವಾಗಿತ್ತು ಎಂದು ಅಮ್ಮನಿಗೆ ಹೇಳಿದೆ.

ಅಜ್ಜಿಗೂ ಒಂದು ವೈಜ್ಞಾನಿಕ ಪದ್ಧತಿ ಇತ್ತು. ವಾರಕ್ಕೊಮ್ಮೆ ನನ್ನ ನಡುಬೆರಳಿನ ಗೆಣ್ಣಿಗೆ ದಾರ ಸುತ್ತಿ ಅಳತೆಗೆ ಗಂಟು ಹಾಕಿ, ಆ ದಾರವನ್ನು ಲೋಟದ ಹಿಡಿಗೆ ಕಟ್ಟುವಳು. ಮುಂದಿನ ವಾರ ಹಳೆಯ ಗಂಟಿನ ಪಕ್ಕ ಹೊಸ ಗಂಟು. ಗಂಟುಗಳು ಒಂದೊಂದಾಗಿ ಒಳಕ್ಕೆ ಸರಿದವು. ಮೂರನೆಯ ವಾರಕ್ಕೆ ಹೊಟ್ಟೆಯ ಗುಳುಗುಳು ನಿಂತಿತು, ದೊಡ್ಡಪ್ಪನ ಪ್ರಶ್ನೆಗೆ ತಲೆ ಎತ್ತಿ ಉತ್ತರ ಹೇಳುವಂತಾದೆ. ಆರನೆಯ ವಾರಕ್ಕೆ ಮರದ ಮಣೆಯ ಮೇಲೆ ಅಕ್ಷರಗಳನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು ಟೈಪಿಂಗ್ ಅಭ್ಯಾಸ ಮಾಡಿದೆ. ಅಜ್ಜಿ ತಾಳ ಹಾಕಿದಳು.

ನನ್ನ ಮಾತು ಕೇಳಿ ಯಾರೂ ಯಾರ ಲೋಟಕ್ಕೂ ಬಾಯಿ ಹಾಕಬೇಡಿ. ನನಗೆ ವಾಸಿಯಾದದ್ದು ಅಂಬಲಿಯಿಂದಲೋ, ಪರೋಟ ಬಿಟ್ಟದ್ದರಿಂದಲೋ, ಅಂಗಡಿ ಮಾತ್ರೆ ನಿಂತದ್ದರಿಂದಲೋ, ತಾನಾಗಿ ಹೋಗುವ ಊತ ತಾನಾಗಿ ಹೋಯಿತೋ, ಇವತ್ತಿಗೂ ತಿಳಿಯದು. ಆದರೆ ತಿಳಿದವರು ಬಹಳ ಜನ ಇದ್ದರು. ಕುರ್ಚಿ ಬದಲಾಯಿಸಿದ್ದರಿಂದ ಎಂದು ಮಾಸ್ಟರು, ನಿಧಾನವಾಗಿ ಕೆಲಸ ಮಾಡುವ ಮಾತ್ರೆ ಅದು ಎಂದು ಅಂಗಡಿಯವನು, ಮೊಟ್ಟೆಯ ಬಿಳಿಯ ಮಹಿಮೆ ಎಂದು ಎಲುಬು ಕಟ್ಟುವವನು, ಹರಕೆಯಿಂದ ಎಂದು ಅಮ್ಮ. ತಾನು ಮಾಡಿದೆ ಎಂದು ಹೇಳಿಕೊಳ್ಳದವಳು ಅಜ್ಜಿ ಒಬ್ಬಳೇ. ಪರೀಕ್ಷೆಗೆ ಹೊರಟ ದಿನ ಎರಡು ಗುಟುಕಿನ ಬದಲು ಅರ್ಧ ಲೋಟ ಉಳಿಸಿದ್ದಳು.

ಪಾಸಾದೆ. ಕೆಲವು ತಿಂಗಳಲ್ಲಿ ಧರ್ಮಪುರಿಯ ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಫ್ಯಾನು, ಮೇಜು, ಹತ್ತು ಬೆರಳಿಗೂ ಗೌರವ. ಊರಿಗೆ ಹೋಗಬೇಕು ಹೋಗಬೇಕು ಎಂದುಕೊಳ್ಳುತ್ತಲೇ ಒಂದು ವರ್ಷವಾಯಿತು. ಊರು ಎರಡೇ ಬಸ್ಸಿನಷ್ಟು ದೂರ, ಆದ್ದರಿಂದ ಯಾವಾಗ ಬೇಕಾದರೂ ಹೋಗಬಹುದಿತ್ತು. ಯಾವಾಗ ಬೇಕಾದರೂ ಹೋಗಬಹುದಾದ ಊರಿಗೆ ಯಾರೂ ಹೋಗುವುದಿಲ್ಲ.

ಕೊನೆಗೆ ಹೋದದ್ದೂ ಅಜ್ಜಿಗಾಗಿ ಅಲ್ಲ. ನಮ್ಮ ಸೂಪರಿಂಟೆಂಡೆಂಟರಿಗೆ ಹೊಗೆನಕಲ್ಲಿನ ಮೀನು ತಿನ್ನುವ ಆಸೆಯಾಗಿ, ಒಂದು ಭಾನುವಾರ ಬೆಳಗ್ಗೆ ಜೀಪಿನಲ್ಲಿ ಹೊರಟೆವು. ದಾರಿಯನ್ನು ಸ್ವಲ್ಪ ಸುತ್ತು ಹಾಕಿಕೊಂಡು, "ನಿಮ್ಮ ಮನೆಯನ್ನೂ ನೋಡಿಬಿಡೋಣ" ಎಂದು ಅವರೇ ಹೇಳಿದರು. ಜೀಪು ಹಟ್ಟಿಯ ಮುಂದೆ ನಿಂತಿತು. ಕಂಬಳಿ ಹೊದ್ದ ದೊಡ್ಡಪ್ಪ ಎದುರು ಬಂದ. ಸೂಪರಿಂಟೆಂಡೆಂಟರು ನನ್ನ ಕಡೆ ನೋಡಿದರು.

"ಎಂಗ ಪೆರಿಯಪ್ಪಾ ಸಾರ್" ಎಂದೆ, ಗಟ್ಟಿಯಾಗಿ, ಇಡೀ ಊರಿಗೆ ಕೇಳುವಂತೆ. ನಮ್ಮ ದೊಡ್ಡಪ್ಪ. ಹೇಳಿದ ಮೇಲೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾನು ದೊಡ್ಡ ಮನುಷ್ಯನಾಗಿದ್ದೇನೆ ಎಂದು ನನಗೇ ನನ್ನ ಮೇಲೆ ಮೆಚ್ಚುಗೆ ಬಂತು. ದೊಡ್ಡಪ್ಪ ನಕ್ಕು ನನ್ನ ಕೈ ಹಿಡಿದು ಬೆರಳು ಮಡಚಿ ಬಿಡಿಸಿ ನೋಡಿದ.

ಜಗುಲಿಯ ಮೇಲೆ ಅಜ್ಜಿ ಕೂತಿದ್ದಳು, ಮುಂದೆ ಲೋಟ. ಅದರ ಹಿಡಿಯಲ್ಲಿ ಗಂಟುಗಳ ದಾರ ಹಾಗೇ ಇತ್ತು. ಪಕ್ಕದಲ್ಲಿ ಒಂದು ಟಗರು ನಿಂತಿತ್ತು, ಹೊಳೆಯುವ ಮೈ, ದಪ್ಪ ಕುತ್ತಿಗೆ, ನಮ್ಮ ಹಟ್ಟಿಯಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ. ಅದು ಕುತ್ತಿಗೆ ಚಾಚಿ ಲೋಟಕ್ಕೆ ಮೂತಿ ಹಾಕಲು ಬಂತು.

"ತಡಿಯಲಾ" ಎಂದು ಅಜ್ಜಿ ಅದರ ಹಣೆಯನ್ನು ತಳ್ಳಿದಳು. "ಇವತ್ತು ಅವ್ನೇ ಬಂದವ್ನೆ."

ನನಗೆ ಅರ್ಥವಾಗದೆ ದೊಡ್ಡಪ್ಪನ ಕಡೆ ತಿರುಗಿದೆ. ಅವನು ಸಹಜವಾಗಿ ಹೇಳಿದ. "ನೀ ಓದಾಗಿಂದ ಅವ್ವ ದಿನಾ ಎರಡು ಗುಟುಕು ಉಳಿಸ್ತಾಳೆ. ಬಂದ್ರೆ ಬರ್ತಾನೆ ಅಂತ. ನೀ ಬರ್ನಿಲ್ಲ. ಚೆಲ್ಲಾದ್ಯಾಕೆ ಅಂತ ಈ ಮರೀಗೆ ಉಯ್ತಿದ್ಲು. ಈಗ ನೋಡು, ಎಂಗಾಗೈತೆ. ಮೇಚೇರಿ ಸಂತೇಗೆ ಒಡ್ಕಂಡೋಗಾನ ಅಂದ್ರೆ ಬಿಡಾಕಿಲ್ಲ ಅಂತಾಳೆ."

ಒಂದು ವರ್ಷದ ಬೆಳಗುಗಳೆಲ್ಲ ಆ ಟಗರಿನ ಮೈಯಲ್ಲಿ ಕಂಡವು. ನನಗೆ ಅಳು ಬಂದಿತು, ನಿಜ. ಅಜ್ಜಿ ಎರಡು ಕೈಯಲ್ಲೂ ಲೋಟ ಹಿಡಿದು ನನ್ನ ಮುಂದೆ ಚಾಚಿದಳು. ತಳದಲ್ಲಿ ಎರಡು ಗುಟುಕು ಅಂಬಲಿ, ಒಂದು ಚೂರು ಈರುಳ್ಳಿ. ಈ ಸಲ ಮುಖ ನೋಡಿಕೊಂಡು ಕುಡಿ ಎಂದು ಹೇಳಲಿಲ್ಲ. ನಾನು ಕೈ ನೀಡಿದೆ. ನೀಡಿ, ಒಂದೇ ಒಂದು ಕ್ಷಣ, ಸೂಪರಿಂಟೆಂಡೆಂಟರ ಮುಖ ನೋಡಿದೆ. ಅವರು ಮೂಗಿಗೆ ಕರ್ಚೀಫು ಹಿಡಿದು ಲೋಟವನ್ನೇ ನೋಡುತ್ತಿದ್ದರು.

ತಿರುಗುವಷ್ಟರಲ್ಲಿ ಟಗರು ಮೂತಿ ಹಾಕಿ ಕುಡಿದು ಮುಗಿಸಿ, ಲೋಟದ ತಳ ನೆಕ್ಕುತ್ತಿತ್ತು.

ಅಜ್ಜಿ ಬೈಯಲಿಲ್ಲ. ಅದರ ಕಿವಿಯ ಹಿಂದೆ ತುರಿಸುತ್ತ, ನನ್ನನ್ನು ನೋಡದೆ ಹೇಳಿದಳು: "ಇದ್ಕೆ ನಾಚ್ಕೆ ಇಲ್ಲ ಲಾ ಮಾದೇಶ. ಅದ್ಕೇ ಇದ್ರ ಒಟ್ಟೆ ಚೆನ್ನಾಗೈತೆ."